ಕೆಟ್ಟ ಪವರ್ ಸಪ್ಲೈ

ಹನ್ನೊಂದು ಹೆಣ್ಣು ಬೇಡ ಅಂದಿದ್ದ ಪ್ರಹ್ಲಾದನಿಗೆ ಈ ಹುಡುಗಿ ನೋಡಿದ ಕೂಡಲೇ ಹಿಡಿಸಿಬಿಟ್ಟಳು. ಆದರೆ ಸಲೀಸಾಗಿ ಒಪ್ಪಿಕೊಂಡರೆ ಗಂಡಿನ ಬೆಲೆ ಏನಾಗಬೇಕು?

ಹುಡುಗಿ ಮನೆಯ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಪವರ್ ಸಪ್ಲೈ ಡಬ್ಬ ನೋಡಿ ಮೂಗು ಮುರಿದ. “ನೀವೇ ಮಾಡಿದ್ದಾ? ಇದೇನು ಬೆಸುಗೆನೋ, ಕಾಗೆ ಹಿಕ್ಕೆನೋ?”

“ಕೆಟ್ಟಿದೆ. ಸ್ವಲ್ಪ ನೋಡ್ತೀರಾ?”

“ಇಂಥವು ನೂರು ರಿಪೇರಿ ಮಾಡಿದೀನಿ,” ಅಂತ ಪ್ಲಗ್ ಕಿತ್ತ.

“ಪ್ಲಗ್ ಕಿತ್ತರೂ ಆ ದೊಡ್ಡ ಕೆಪಾಸಿಟರಲ್ಲಿ ಕರೆಂಟ್ ಇರತ್ತೆ. ಖಾಲಿ ಮಾಡಿ ಮುಟ್ಟಿ.”

“ಹೆಂಗಸರ ಹತ್ರ ಪಾಠ ಹೇಳಿಸಿಕೊಳ್ಳೋ ಗತಿ ನಂಗಿನ್ನೂ ಬಂದಿಲ್ಲ,” ಅಂತ ಬೆರಳಿಟ್ಟ.

ಚಟಾರ್ ಅಂತು. ಪ್ರಹ್ಲಾದ ಕುರ್ಚಿ ಸಮೇತ ಮಗುಚಿಕೊಂಡ. ಉಪ್ಪಿಟ್ಟಿನ ತಟ್ಟೆ ಹಾರಿ ಪಕ್ಕದಲ್ಲಿದ್ದ ಅವನಮ್ಮನ ಮಡಿಲಲ್ಲಿ ಕೂತಿತು.

“ಏನಮ್ಮಾ ಅದು ಶಬ್ದ?” ಅಡುಗೆಮನೆಯಿಂದ ಹುಡುಗಿಯ ಅಪ್ಪ ಕೇಳಿದರು.

“ಇವರೂ ಮಾತು ಕೇಳೋರಲ್ಲ, ಅಪ್ಪಾ. ಭಾನುವಾರ ಬರೋರಿಗೆ ಮತ್ತೆ ಚಾರ್ಜ್ ಮಾಡಿಡ್ತೀನಿ.”