ಯೋರಿಸ್ ಆರಿಸಿದ ಬೀಗ

ಅಂಗಡಿಯವನು ತನ್ನನ್ನು ನೋಡಿ ನಕ್ಕ ಎಂದು ಯೋರಿಸ್‌ಗೆ ಖಾತ್ರಿಯಾಯಿತು. ಹಲ್ಲು ಕಾಣಿಸಿರಲಿಲ್ಲ, ನಿಜ. ಆದರೆ ಮೀಸೆಯ ಅಂಚು ಅಲುಗಿತ್ತು.

"ಏನಂದೆ ಅವನಿಗೆ?" ಎಂದು ಹೆಂಡತಿಯನ್ನು ಕೇಳಿದ.

"ನಮ್ಮ ಯಜಮಾನರಿಗೆ ಬೀಗದ ವಿಷಯ ಚೆನ್ನಾಗಿ ಗೊತ್ತು ಅಂದೆ," ಎಂದಳು ಮೀಕ.

"ಅಷ್ಟು ಹೇಳೋಕೆ ಇಷ್ಟು ಹೊತ್ತಾ?"

"ಫ್ರೆಂಚಿನಲ್ಲಿ ಎಲ್ಲ ಸ್ವಲ್ಪ ಉದ್ದ."

ಅದು ಯೋರಿಸ್‌ಗೆ ಒಪ್ಪಿಗೆಯಾಯಿತು. ಫ್ರೆಂಚರ ಮಾತು, ಊಟ, ಬಿಲ್ಲು ಎಲ್ಲವೂ ಉದ್ದ ಎಂಬುದು ಅವನ ಹಳೆಯ ತೀರ್ಮಾನ. ಬೆಲ್ಜಿಯಂನ ಗೆಂಟ್ ಊರಿನ ಫ್ಲೆಮಿಶ್ ಮಾತಿನವನು; ಶಾಲೆಯಲ್ಲಿ ಕಲಿತ ಫ್ರೆಂಚನ್ನು ಹಟ ಹಿಡಿದು ಮರೆತಿದ್ದ. ಅದಕ್ಕೆಲ್ಲ ಮೀಕ ಇದ್ದಳಲ್ಲ. ಅವಳು ಫ್ರೆಂಚ್ ಟೀಚರಾಗಿದ್ದವಳು. ನಿವೃತ್ತಿಯ ಮೇಲೆ ಅನುವಾದದ ಕೆಲಸವೆಂದು ಆಗಾಗ ಒಬ್ಬಳೇ ಪ್ಯಾರಿಸ್ಸಿಗೆ ಬಂದುಹೋಗುತ್ತಿದ್ದಳು. ಈ ಸಲ ಮದುವೆಯ ವಾರ್ಷಿಕೋತ್ಸವಕ್ಕೆ ಇಬ್ಬರೂ ಹೋಗೋಣ ಎಂದವಳೂ ಅವಳೇ. ಶನಿವಾರ ಭಾನುವಾರದ ಪ್ರವಾಸಕ್ಕೆ ದೊಡ್ಡ ಸೂಟ್‌ಕೇಸುಗಳನ್ನು ತುಂಬಿದ್ದಳು. "ಪ್ಯಾರಿಸ್ಸಿನಲ್ಲಿ ಬಟ್ಟೆ ಸಿಗಲ್ವಾ?" ಎಂದು ಅವನು ಸ್ಟೇಷನ್ನಿನಲ್ಲಿ ಹಂಗಿಸಿದ್ದ. "ಬೇಕಾಗುತ್ತೆ," ಎಂದಷ್ಟೇ ಹೇಳಿದ್ದಳು.

ಪ್ಯಾರಿಸ್ಸಿನ ಗೋಪುರವನ್ನು ಯೋರಿಸ್ ನೋಡಿದ್ದಾಗಿತ್ತು. ಬಣ್ಣ ಹೊಡೆದವರಿಗೆ ಕೆಲಸ ಬರುವುದಿಲ್ಲ ಎಂದು ತೀರ್ಪನ್ನೂ ಕೊಟ್ಟಿದ್ದ. ಅವನಿಗೆ ನೋಡಬೇಕಿದ್ದದ್ದು ಈ ಅಂಗಡಿಯ ನೆಲಮಾಳಿಗೆ. ಮೇಲಿನ ಮಹಡಿಗಳಲ್ಲಿ ಅತ್ತರು, ರೇಷ್ಮೆ, ಹ್ಯಾಟು. ಕೆಳಗೆ ಮಾತ್ರ ಬರೀ ಸ್ಕ್ರೂ, ನಲ್ಲಿ, ಚಿಲಕ, ಬೀಗ. ಅಡುಗೆಮನೆ ಕಪಾಟಿನ ಬಾಗಿಲುಗಳಿಗೆ ಒಳ್ಳೆಯ ಕೀಲು ಸಿಕ್ಕರೆ ಜನ್ಮ ಸಾರ್ಥಕವೆಂದುಕೊಂಡು ಬಂದಿದ್ದ. ಮೀಕ ಯಾರನ್ನೂ ದಾರಿ ಕೇಳದೆ ನೇರವಾಗಿ ಮೆಟ್ಟಿಲಿಳಿಸಿ ಕರೆತಂದಿದ್ದಳು. ಬಂದವಳೇ, "ಮೊದಲು ಒಂದು ಬೀಗ ಬೇಕು. ನೀನೇ ಆರಿಸಿಕೊಡು," ಎಂದಿದ್ದಳು.

ಯೋರಿಸ್ ಹಿಗ್ಗಿಹೋಗಿದ್ದ. ಮದುವೆಯಾದಾಗಿನಿಂದ ಮನೆಯಲ್ಲಿ ಸುತ್ತಿಗೆ ಸದ್ದು ನಿಂತಿರಲಿಲ್ಲ. ಗೋಡೆ ಒಡೆದಿದ್ದ, ಕಟ್ಟಿದ್ದ, ಮತ್ತೆ ಒಡೆದಿದ್ದ. ಹೋದ ವರ್ಷ ಮಹಡಿಯ ಮೇಲಿನ ಅವಳ ಓದುವ ಕೋಣೆಯ ಬಾಗಿಲನ್ನೇ ಕಳಚಿ ಶೆಡ್ಡಿಗೆ ಹಾಕಿದ್ದ, ಬೆಳಕು ಬರಲಿ ಎಂದು. ಬೆಳಕಿನ ಜೊತೆ ಅವನ ಡ್ರಿಲ್ಲಿನ ಸದ್ದೂ ಅವನ ಸಲಹೆಗಳೂ ಬಂದವು. ಇಷ್ಟೆಲ್ಲದರಲ್ಲಿ ಅವಳು ಒಂದು ಮೊಳೆಯ ಬಗ್ಗೆಯೂ ಆಸಕ್ತಿ ತೋರಿಸಿದವಳಲ್ಲ. ಬೀದಿಯಲ್ಲಿ ಈಚೆಗೆ ಒಂದು ಕಳ್ಳತನವಾಗಿತ್ತು. ಹೆದರಿದ್ದಾಳೆ ಪಾಪ, ಎಂದುಕೊಂಡ.

"ನಿನ್ನ ಮಹಡಿ ಕೋಣೆಗಾ?"

"ಹೂಂ, ಮಹಡಿಯದಕ್ಕೇ."

"ಬಾಗಿಲು ಶೆಡ್ಡಿನಲ್ಲಿದೆ. ನಾನು ಹಾಕಿಕೊಡಬೇಕಾಗುತ್ತೆ."

"ಬಾಗಿಲಿಗೆ ವ್ಯವಸ್ಥೆ ಆಗಿದೆ, ಯೋರಿಸ್."

ಅದೇನೆಂದು ಕೇಳುವಷ್ಟರಲ್ಲಿ ಮೀಸೆಯವನು ಬೀಗಗಳನ್ನು ಸಾಲಾಗಿ ಜೋಡಿಸಿದ. ಯೋರಿಸ್ ಕನ್ನಡಕ ಏರಿಸಿಕೊಂಡ.

"ಇದು ತಗಡು. ಒಂದು ಸ್ಕ್ರೂಡ್ರೈವರ್ ಸಾಕು, ನಾನು ಒಳಗಿರ್ತೀನಿ. ಇದೂ ಅಷ್ಟೇ. ಈ ಮೀಸೆಗೆ ನಾವು ಹಳ್ಳಿಗುಗ್ಗುಗಳ ಹಾಗೆ ಕಾಣಿಸ್ತೀವೇನೋ, ಕೇಳು."

ಮೀಕ ಫ್ರೆಂಚಿನಲ್ಲಿ ಏನೋ ಹೇಳಿದಳು. ಮೀಸೆ ಮತ್ತೆ ಅಲುಗಿತು.

"ಹೊರಗೆ ನಿಂತವನು ಬಾಗಿಲನ್ನೇ ಕಳಚಿ ತೆಗೆಯೋ ಹಾಗಿರಬಾರದು," ಎಂದಳು ಗಂಡನಿಗೆ.

"ಅಂಥ ಕಳ್ಳ ಯಾರಿರ್ತಾನೆ?"

"ಇರ್ತಾರೆ. ನಿನ್ನಷ್ಟೇ ಕೆಲಸ ಗೊತ್ತಿರೋನು ಅಂತಿಟ್ಕೋ."

ಈ ಹೊಗಳಿಕೆ ಅವನ ನೆತ್ತಿಗೇರಿತು. ಎಲ್ಲ ಬೀಗಗಳನ್ನೂ ತಿರುವಿ, ಕುಟ್ಟಿ, ಕಿವಿಗೆ ಹಿಡಿದು ನೋಡಿದ. ಕೊನೆಗೆ ಭಾರವಾದ ಒಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಇದು ಬೀಗ ಅಂದ್ರೆ. ಒಳಗಿಂದ ಹಾಕ್ಕೊಂಡ್ರೆ ನನ್ನಿಂದಾನೂ ತೆಗೆಯೋಕಾಗಲ್ಲ."

"ನಿಜವಾಗ್ಲೂ?"

"ಬಾಗಿಲ ಮುಂದೆ ಕೂಗಿಕೊಂಡು ವಾಪಸ್ ಹೋಗಬೇಕು, ಅಷ್ಟೆ."

"ಹಾಗಾದ್ರೆ ಇದೇ ಇರಲಿ," ಎಂದಳು ಮೀಕ. ತನ್ನ ಕಾರ್ಡಿನಿಂದಲೇ ಕೊಂಡಳು. ಅಂಗಡಿಯವನ ಜೊತೆ ಮತ್ತಷ್ಟು ಉದ್ದದ ಫ್ರೆಂಚ್ ನಡೆಯಿತು. ಅವನು ಯೋರಿಸ್ ಕಡೆ ನೋಡಿ ತಲೆಬಾಗಿದ. ಗೌರವ ಬಂತಲ್ಲ ಕೊನೆಗೂ, ಎಂದುಕೊಂಡ ಯೋರಿಸ್.

"ನೀನು ನಿಧಾನವಾಗಿ ಕೀಲು ನೋಡು. ನಾನು ಮೇಲೆ ಹೋಗ್ತೀನಿ."

"ಅತ್ತರಿಗಾ? ಹೋಗು, ಹೋಗು. ನನಗೋಸ್ಕರ ಅವಸರ ಮಾಡಬೇಡ."

"ಇಲ್ಲ, ಮಾಡಲ್ಲ." ಮಡಚಿಕೊಂಡಿದ್ದ ಅವನ ಕೋಟಿನ ಕಾಲರನ್ನು ಸರಿಮಾಡಿದಳು. ಬೆರಳು ಅಲ್ಲೇ ಒಂದು ಕ್ಷಣ ನಿಂತಿತು. ಆಮೇಲೆ ಬೀಗದ ಚೀಲ ಹಿಡಿದು ಮೆಟ್ಟಿಲು ಹತ್ತಿದಳು.

ಮೀಸೆಯವನು ಕೀಲುಗಳ ಡ್ರಾಯರುಗಳನ್ನು ಒಂದೊಂದಾಗಿ ಎಳೆದ. ಹಿತ್ತಾಳೆಯದು, ಉಕ್ಕಿನದು, ಸ್ಪ್ರಿಂಗಿನದು. ಅವನು ಫ್ರೆಂಚಿನಲ್ಲಿ ವಿವರಿಸಿದ. ಯೋರಿಸ್ ಫ್ಲೆಮಿಶ್‌ನಲ್ಲಿ ಬೈದ. "ಇದು ಗೊಂಬೆಮನೆಗೆ ಸರಿ. ಇದನ್ನ ಮಾಡಿದವನ ಕೈ ಕಡೀಬೇಕು." ಮೀಸೆಯವನು ಬೇಸರವಿಲ್ಲದೆ ಮುಂದಿನ ಡ್ರಾಯರು ತೆಗೆಯುತ್ತಿದ್ದ. ಮನೆಯಲ್ಲಿ ಯಾರೂ ತನ್ನ ಮಾತನ್ನು ಇಷ್ಟು ತಾಳ್ಮೆಯಿಂದ ಕೇಳಿದ್ದಿಲ್ಲ. ಯೋರಿಸ್‌ಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಮೀಸೆಯವನ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಅವನು ನೋಡಿದ. ಡ್ರಾಯರುಗಳನ್ನೆಲ್ಲ ಒಳಗೆ ತಳ್ಳಿದ. ಆಮೇಲೆ ಬಾಯಿ ತೆರೆದರೆ ಅಚ್ಚ ಫ್ಲೆಮಿಶ್.

"ನಮ್ಮಮ್ಮ ನಿಮ್ಮ ಕಡೆಯವರೇ, ಸರ್. ನಿಮ್ಮ ಮಾತೆಲ್ಲ ಚೆನ್ನಾಗಿ ಅರ್ಥವಾಯ್ತು. ಬೀಗ ಹಾಕೋ ನಮ್ಮ ಫಿಟ್ಟರ್ ಮೇಡಂ ಜೊತೆಗೇ ಹೋಗಿದ್ದ. ಬೀಗ ಕೂರಿಸಿ ಆಯ್ತಂತೆ, ಮೇಡಂ ಮನೆಯೊಳಗಿದ್ದಾರಂತೆ. ಅಲ್ಲೀತನಕ ನಿಮ್ಮನ್ನ ಇಲ್ಲೇ ಮಾತಾಡಿಸ್ತಾ ಇರಿ ಅಂದಿದ್ರು."

"ಮನೆ ಗೆಂಟ್‌ನಲ್ಲಲ್ವಾ ಇರೋದು?" ಎಂದ ಯೋರಿಸ್. "ಯಾವ ಮನೆ?"

"ಅವರ ಮನೆ, ಸರ್. ವಿಳಾಸ ಮಾತ್ರ ಹೇಳಬೇಡಿ ಅಂದಿದ್ದಾರೆ."