ಗಾಜಿನಾಚೆ ಭಾವ

"ನೋಡ್ರಪ್ಪ, ದೇಶದ ವಿಚಾರ ಆಮೇಲೆ ಬಗೆಹರಿಸ್ಕೊಳ್ಳಿ. ಮೊದಲು ನನ್ನ ಗಾಜು ಒಳಗೆ ಬರಲಿ!" ಎಂದಳು ಬಾಗಿಲು ಹಿಡಿದು ನಿಂತಿದ್ದ ಔಷಧದಂಗಡಿಯ ಒಡತಿ.

ಆಳೆತ್ತರದ ಗಾಜನ್ನು ನಡುವೆ ನೆಟ್ಟಗೆ ನಿಲ್ಲಿಸಿ ಆ ಬದಿಗೊಬ್ಬ ಈ ಬದಿಗೊಬ್ಬ ಹಿಡಿದಿದ್ದ ಭಾವ, ಮೈದುನ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಹೆಜ್ಜೆ ಹಾಕುತ್ತಿದ್ದರು. ಹನ್ನೆರಡು ವರ್ಷದಿಂದ ಅವರ ಕೆಲಸದ ಕ್ರಮ ಒಂದೇ: ಭಾವ ಹಿಂದುಹಿಂದಕ್ಕೆ ನಡೆಯುತ್ತಾನೆ, ಮೈದುನ ಅವನಿಗೆ ದಾರಿ ಹೇಳುತ್ತಾನೆ. ಆದರೆ ಮೂರು ವಾರದ ಹಿಂದೆ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಮೈದುನ ಭಾವನನ್ನು ದೇಶದ್ರೋಹಿ ಎಂದಿದ್ದ. ಭಾವ ಅವನನ್ನು ಸರ್ಕಾರಕ್ಕೆ ಬಾಲ ಅಲ್ಲಾಡಿಸುವ ನಾಯಿ ಎಂದಿದ್ದ. ಅಂದಿನಿಂದ ಮಾತು ಬಂದ್; ಅದು ಬೀದಿಗೆಲ್ಲ ಗೊತ್ತಿತ್ತು. ಗಂಡನಿಗೂ ತಮ್ಮನಿಗೂ ಬೈದು ಬೈದು ಮೈದುನನ ಅಕ್ಕನ ಗಂಟಲೇ ಬಿದ್ದುಹೋಗಿತ್ತು.

ಭಾವನ ಹಿಮ್ಮಡಿಗೂ ಅಂಗಡಿಯ ಮೆಟ್ಟಿಲಿಗೂ ಈಗ ಒಂದು ಗೇಣು ದೂರ. ಅವನೇ ನೋಡಿಕೊಳ್ಳಲಿ ಎಂದುಕೊಂಡ ಮೈದುನ. ಅಷ್ಟರಲ್ಲಿ ಗಾಜಿನಾಚೆ ಬೆವರಿದ್ದ ಆ ಮುಖ ಕಂಡಿತು. ಎಡವಿದರೆ ಇಷ್ಟೂ ಗಾಜು ಅದರ ಮೇಲೆಯೇ. ಭಾವ ಕಾಲೆತ್ತಿದ.

"ತಡೀ ಭಾವ! ಹಿಂದೆ ಮೆಟ್ಟಿಲು!"

ಭಾವ ಎತ್ತಿದ ಕಾಲನ್ನು ಅಲ್ಲೇ ಇಳಿಸಿದ. "ಈಗ ಬಾಯಿ ಬಂತಾ ಪುಣ್ಯಾತ್ಮ? ಆಗ್ಲೇ ನಾನು ರಸ್ತೆ ಗುಂಡೀಲಿ ಕಾಲಿಟ್ಟಾಗ ಅದಕ್ಕೇನಾಗಿತ್ತು?"

"ಕೋಪ ಬಂದಿತ್ತು."

"ಈಗ ಹೋಯ್ತಾ?"

"ಇಲ್ಲ. ಗಾಜು ಕೂರಿಸಿ ಆಮೇಲೆ ಜಗಳ ಆಡೋಣ, ಎದುರುಬದುರು ನಿಂತು. ಈಗ ಎಡಗಾಲು ಮೇಲಕ್ಕೆ. ಇನ್ನೊಂಚೂರು."

ಭಾವ ಉಸ್ಸೆಂದು ಬಿಟ್ಟ ಉಸಿರಿಗೆ ಗಾಜಿನ ಮೇಲೆ ಅಂಗೈಯಗಲ ಮಂಜು ಕಟ್ಟಿತು. ಅದರ ಹಿಂದಿನಿಂದಲೇ ಅವನು ಎಡಗಾಲನ್ನು ಮೆಟ್ಟಿಲ ಮೇಲಿಟ್ಟ.