ಆರನೇ ವಯಸ್ಸಿನ ಹಲ್ಲು

ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದ ಡಾಕ್ಟರ್ ಗುರುಚರಣ್, ಮೇಲಿನ ಈ ಮುಂದಿನ ಹಲ್ಲು ಹೋದಾಗ ಇವರ ವಯಸ್ಸೆಷ್ಟು ಎಂದು ಕೇಳಿದರು. ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದ ಶಾಂತಿ ಉತ್ತರಿಸುವ ಸ್ಥಿತಿಯಲ್ಲಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಅವಳ ಸೋದರಮಾವ ಗಿರಿ, "ಆರು ವರ್ಷ ಸಾರ್. ನಾನೇ ಒಡೆದಿದ್ದು" ಎಂದ.

ತಮಿಳುನಾಡಿನ ಕಡಯಂಪಟ್ಟಿ ಪಕ್ಕದ ಅವರ ಊರಿಗೆಲ್ಲ ಗೊತ್ತಿದ್ದ ವಿಷಯ. ೧೯೮೫ರಲ್ಲಿ ಹದಿಮೂರು ವರ್ಷದ ಗಿರಿ ಕೈಪಂಪು ಹೊಡೆಯುತ್ತಿದ್ದಾಗ ಅದರ ಹಿಡಿ ಜಾರಿ ಮೇಲಕ್ಕೆ ಚಿಮ್ಮಿ, ಕೊಡ ಹಿಡಿದು ಬಗ್ಗಿದ್ದ ಶಾಂತಿಯ ಬಾಯಿಗೆ ಬಡಿದಿತ್ತು. ಮೂರು ವರ್ಷ ಕಾದರೂ ಆ ಜಾಗದಲ್ಲಿ ಹಲ್ಲು ಬರಲಿಲ್ಲ. ಒಡೆದವನೇ ತಾಳಿ ಕಟ್ಟಲಿ ಎಂದು ಗಿರಿಯ ತಾಯಿಯೂ ಶಾಂತಿಯ ಅಜ್ಜಿಯೂ ಆದ ಗುಂಡಮ್ಮ ತೀರ್ಪು ಕೊಟ್ಟಳು. ಆಮೇಲೆ ಶಾಂತಿಗೆ ಯಾರೂ ಗಂಡು ನೋಡಲಿಲ್ಲ, ಗಿರಿಗೆ ಹೆಣ್ಣು ನೋಡಲಿಲ್ಲ. ವೈರ್‌ಮ್ಯಾನ್ ಕೆಲಸ ಸಿಕ್ಕ ವರ್ಷ ಅವನು ಅವಳನ್ನು ಹಲ್ಲು ಕಟ್ಟುವವರೊಬ್ಬರ ಬಳಿ ಕರೆದೊಯ್ದ. ಅವರು ಎಕ್ಸ್‌ರೇ ತೆಗೆಯದೆ ಅಕ್ಕಪಕ್ಕದ ಎರಡು ಹಲ್ಲು ಅರೆದು, ಮೂರಕ್ಕೂ ಸೇರಿಸಿ ಬ್ರಿಡ್ಜ್ ಎಂಬ ಒಂದೇ ಕಟ್ಟುಹಲ್ಲು ಕೂರಿಸಿದರು. ಮದುವೆ ಬರುವ ಸಂಕ್ರಾಂತಿಗೆ ಹುಟ್ಟುವ ತೈ ತಿಂಗಳಲ್ಲಿ, ಇನ್ನು ಎಂಟು ತಿಂಗಳಿಗೆ. ಅಷ್ಟರೊಳಗೆ ಉಳಿದ ಸೊಟ್ಟ ಹಲ್ಲುಗಳನ್ನು ನೇರ ಮಾಡಿಸಿಕೊಳ್ಳಬೇಕೆಂದು ಶಾಂತಿ ಸೇಲಂಗೆ ಬಂದಿದ್ದಳು.

ಹೊರಗೆ ಕಾಣದ ಕ್ಲಿಪ್ ಇದೆಯಾ ಎಂದು ಅವಳು ಮೊದಲೇ ಕೇಳಿದ್ದಳು. ಅಮೆರಿಕದಲ್ಲಿ ಈ ವರ್ಷ ಗಾಜಿನಂತೆ ತಿಳಿಯಾದ ಪ್ಲಾಸ್ಟಿಕ್ಕಿನದು ಬಂದಿದೆ ಎಂದು ಓದಿದ್ದೇನೆ, ಇಲ್ಲಿಗೆ ಇನ್ನೂ ಬಂದಿಲ್ಲ ಎಂದಿದ್ದರು ಡಾಕ್ಟರ್. ತಂತಿಯಾಗಲಿ ಪ್ಲಾಸ್ಟಿಕ್ ಆಗಲಿ, ಒಂದಕ್ಕೊಂದು ಕಟ್ಟಿಹಾಕಿದ ಹಲ್ಲುಗಳನ್ನು ಬೇರೆಬೇರೆಯಾಗಿ ಜರುಗಿಸಲಾರದು ಎಂದೂ ಹೇಳಿದ್ದರು.

ಈಗ ಅವರು ಫಿಲ್ಮನ್ನು ಗಿರಿಯ ಕಣ್ಣೆದುರಿಗೆ ಹಿಡಿದು ಪೆನ್ನಿನ ತುದಿಯಿಂದ ತೋರಿಸಿದರು. ಬ್ರಿಡ್ಜಿನ ಮೇಲೆ, ದವಡೆಯ ಮೂಳೆಯೊಳಗೆ, ಒಂದು ಇಡೀ ಹಲ್ಲು ಓರೆಯಾಗಿ ಮಲಗಿತ್ತು.

"ಇದು ಇವರ ಹಲ್ಲು. ಹುಟ್ಟಿದೆ, ಇಳಿದಿಲ್ಲ."

"ಅಂಗಾದ್ರೆ ನಾನು ಒಡೆದಿದ್ದು?"

"ಹಾಲುಹಲ್ಲು. ನೀವು ಮುಟ್ಟದಿದ್ದರೂ ವರ್ಷದೊಳಗೆ ತಾನೇ ಬೀಳುತ್ತಿತ್ತು."

ಈ ಹಲ್ಲು ಒಳಗೇ ನಿಂತದ್ದು ಏಟಿನಿಂದಲಾ ಎಂದು ಗಿರಿ ಕೇಳಿದ. ಇರಬಹುದು, ಏಟು ಬೀಳದವರಿಗೂ ಹೀಗಾಗುತ್ತದೆ, ಹದಿನಾಲ್ಕು ವರ್ಷದ ಮೇಲೆ ಒಂದು ಫಿಲ್ಮ್ ನೋಡಿ ಹೇಳಲಾಗದು ಎಂದರು ಡಾಕ್ಟರ್. ಬ್ರಿಡ್ಜನ್ನು ಹಾಗೇ ಬಿಟ್ಟು ಉಳಿದ ಹಲ್ಲುಗಳನ್ನು ಆದಷ್ಟು ಸರಿಮಾಡಬಹುದು. ಅಥವಾ ಬ್ರಿಡ್ಜ್ ಕತ್ತರಿಸಿ, ಒಸಡು ಬಿಡಿಸಿ, ಒಳಗಿನ ಹಲ್ಲಿಗೆ ತಂತಿ ಕಟ್ಟಿ ಕೆಳಗೆಳೆಯಬಹುದು. ಒಂದೂವರೆ ವರ್ಷ ಹಿಡಿಯುತ್ತದೆ, ಮೂಳೆಗೆ ಅಂಟಿಕೊಂಡಿದ್ದರೆ ಬರುವುದೇ ಇಲ್ಲ. ಇಬ್ಬರೂ ಮಾತಾಡಿಕೊಂಡು ಬನ್ನಿ ಎಂದು ಅವರನ್ನು ಹೊರಗೆ ಕಳಿಸಿದರು.

ಹೊರಗಿನ ಬೆಂಚಿನಲ್ಲಿ ಕೂತು ಶಾಂತಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಮಾವ, ಅದು ಬೀಳೋ ಹಲ್ಲೇ ಅಂತೆ."

"ಕೇಳಿಸ್ತು."

"ಪಂಪು ಬಡೀದೆ ಇದ್ದಿದ್ರೆ ನನ್ನ ಕಟ್ಕೊತೀನಿ ಅಂತಿದ್ಯಾ?"

ಈ ಪ್ರಶ್ನೆಯನ್ನು ಗಿರಿಗೆ ಯಾರೂ ಕೇಳಿರಲಿಲ್ಲ; ಅವನೂ ಕೇಳಿಕೊಂಡಿರಲಿಲ್ಲ. "ತೆರಿಯಲೆ" ಎಂದ. ತಬ್ಬಿಬ್ಬಾದಾಗ ಅವನ ಬಾಯಿಗೆ ತಮಿಳೇ ಮೊದಲು ಬರುತ್ತಿತ್ತು. "ಗೊತ್ತಿಲ್ಲ ಶಾಂತಿ. ನೀನು ಒಪ್ಪಿದ್ದೂ ಅದಕ್ಕೇನಾ?"

"ನನ್ನ ಯಾರು ಕೇಳಿದ್ರು?"

"ಅಂದ್ರೆ ಬೇಡ ಅಂತಲಾ?"

"ಬೇಡ ಅಂದ್ನಾ ನಾನು? ಕೇಳಲಿಲ್ಲ ಅಂದೆ. ನಿಂಗೆ ಕರೆಂಟು ಒಂದೇ ಅರ್ಥ ಆಗೋದು."

ಬ್ರಿಡ್ಜು ಹಾಗೇ ಇರಲಿ, ಫಿಲ್ಮಿನ ವಿಷಯ ಮನೆಯಲ್ಲಿ ಹೇಳುವುದೂ ಬೇಡ ಎಂದು ಗಿರಿ ತಗ್ಗಿದ ದನಿಯಲ್ಲಿ ಹೇಳಿದ. ಹೇಳಿದ ಮೇಲೆ ಅದು ಸರಿಯೋ ತಪ್ಪೋ ಅವನಿಗೇ ತಿಳಿಯಲಿಲ್ಲ. ಶಾಂತಿ ಅವನ ಮುಖವನ್ನೇ ನೋಡಿ, ಎದ್ದು ಒಳಗೆ ಹೋದಳು.

ನಲವತ್ತು ನಿಮಿಷ ಕೊರೆಯುವ ಸದ್ದು ಕೇಳಿಸಿತು. ಹೊರಬಂದಾಗ ಬ್ರಿಡ್ಜ್ ಹೋಗಿ ಅವಳ ಮೇಲಿನ ಸಾಲಿನ ನಡುವೆ ಕಿಂಡಿಯಿತ್ತು. ತಾತ್ಕಾಲಿಕ ಹಲ್ಲು ಇಡುತ್ತೇನೆಂದು ಡಾಕ್ಟರ್ ಹೇಳಿದರೂ, ಮುಂದಿನ ವಾರ ನೋಡೋಣ, ಮೊದಲು ಅಜ್ಜಿ ನೋಡಲಿ ಎಂದಳಂತೆ. ಒಂದೂವರೆ ವರ್ಷವೆಂದರೆ ಬರುವ ತೈ ದಾಟಿ ಇನ್ನೂ ಹತ್ತು ತಿಂಗಳು ಎಂದು ಗಿರಿ ಬೆರಳು ಮಡಿಸಿ ಲೆಕ್ಕ ಹಾಕಿದ.

ಊರಿನ ಬಸ್ಸಿನಲ್ಲಿ ಶಾಂತಿ ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ಗಿರಿ ನಾಲ್ಕು ಸಾಲು ಹಿಂದೆ. ಕಂಡಕ್ಟರ್ ಅವನ ಬಳಿ ನಿಂತು ಎಷ್ಟು ಜನ ಎಂದು ಕೇಳಿದ. ಗಿರಿ ಎರಡು ಎನ್ನಲು ಬಾಯಿ ತೆರೆದು, ಹಾಗೇ ಶಾಂತಿಯ ಕಡೆ ನೋಡಿದ. ಅವಳೂ ತಿರುಗಿ ಅವನನ್ನೇ ನೋಡುತ್ತಿದ್ದಳು. ಕಂಡಕ್ಟರ್ ಟಿಕೆಟ್ ಕಟ್ಟಿನ ಮೇಲೆ ಹೆಬ್ಬೆರಳೊತ್ತಿ ಕಾಯುತ್ತ ನಿಂತ.